ಕೂಲಿಯಾಗಿ ಬಂದ ವಿಷ

ರಾಜ್ಯೋತ್ಸವದಂದು ಕವಿಗಳನ್ನೂ ಅರಸರನ್ನೂ ನೆನೆಯುವುದು ನಮ್ಮ ವಾಡಿಕೆ. ಅದು ಯುಕ್ತವೂ ಹೌದು. ಈ ಸಲ ಪ್ರಯೋಗಶಾಲೆಯಲ್ಲಿ ಕುಳಿತು ಬಡವರ ತುತ್ತನ್ನು ಪರೀಕ್ಷಿಸಿದ ಒಬ್ಬ ಕನ್ನಡಿಗರನ್ನು ನೆನೆಯಬೇಕೆಂದು ನನ್ನ ಬಯಕೆ. ಅವರೇ ಜೀವರಸಾಯನ ವಿಜ್ಞಾನಿ ಪೆರ್ಡೂರು ರಾಧಾಕಾಂತ ಅಡಿಗರು.

ಮೊದಲು ಬೇಳೆಯ ಕಥೆ. ಮಧ್ಯಪ್ರದೇಶ, ಬಿಹಾರಗಳ ಹೊಲಗಳಲ್ಲಿ ಬೆಳೆಯುವ ಕೇಸರಿ ಬೇಳೆ ನೋಟಕ್ಕೆ ತೊಗರಿ ಬೇಳೆಯನ್ನು ಹೋಲುತ್ತದೆ. ಮರಾಠಿಯವರು ಇದನ್ನು ಲಾಖ್ ಎನ್ನುತ್ತಾರೆ. ಮಳೆ ಕೈಕೊಟ್ಟು ಮಿಕ್ಕ ಪೈರು ಒಣಗಿದಾಗಲೂ ಇದು ಕಾಯಿ ಬಿಡುತ್ತದೆ. ಆದರೆ ತಿಂಗಳುಗಟ್ಟಲೆ ಇದನ್ನೇ ಮುಖ್ಯ ಆಹಾರವಾಗಿ ಉಂಡವರ ಪೈಕಿ ಹಲವರ ಕಾಲುಗಳು ಸೆಟೆದುಕೊಳ್ಳುತ್ತಿದ್ದವು. ಅವರು ಕೋಲೂರಿ ನಡೆಯುವರು. ರೋಗ ಬಲಿತರೆ ತೆವಳುವರು. ಬುದ್ಧಿಗೆ ಕುಂದಿಲ್ಲ, ಕಾಲುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಮಾತ್ರ ನಾಶವಾಗುತ್ತವೆ, ಮರಳಿ ಬರುವುದಿಲ್ಲ. ರೇವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯನ್ನೇ ಈ ಕಾಳಿನಲ್ಲಿ ಅಳೆದು ಕೊಡುತ್ತಿದ್ದರು. ದುಡಿದ ಕಾಲನ್ನು ಕೂಲಿಯೇ ಕಸಿದುಕೊಂಡಿತು! ಬ್ಯಾಂಕಿನಲ್ಲಿ ದಿನವೂ ಜಮಾಖರ್ಚು ಬರೆಯುವ ನಾನು ಇಷ್ಟು ಕ್ರೂರವಾದ ಲೆಕ್ಕವನ್ನು ಕಂಡಿಲ್ಲ.

ಈ ಬೇಳೆಯ ಮಾರಾಟವನ್ನು 1961ರಲ್ಲಿ ಕಾನೂನು ನಿಷೇಧಿಸಿತು. ಆದರೆ ಕಾಳಿನೊಳಗಿನ ವಿಷ ಯಾವುದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಎಸ್. ಶರ್ಮರೊಡನೆ ಅಡಿಗರೂ ಎಸ್. ಎಲ್. ಎನ್. ರಾಯರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕಾಳಿನಿಂದ ಬೇರ್ಪಡಿಸಿದ ಸಾರವನ್ನು ಎಳೆಯ ಕೋಳಿಮರಿಗಳಿಗೆ ಚುಚ್ಚಿದಾಗ ನರವಿಕಾರ ಕಾಣಿಸಿಕೊಂಡಿತು. 1964ರಲ್ಲಿ ಅವರು ವಿಷದ ರಚನೆಯನ್ನು ಪ್ರಕಟಿಸಿದರು. ಅದೊಂದು ಅಮೈನೋ ಆಮ್ಲ, ಓಡಾಪ್ ಎಂಬುದು ಅದರ ಚುಟುಕು ಹೆಸರು. ಅದೇ ವರ್ಷ ದೆಹಲಿಯಲ್ಲಿ ಟಿ. ಆರ್. ಶೇಷಾದ್ರಿಯವರ ತಂಡವೂ ಸ್ವತಂತ್ರವಾಗಿ ಇದನ್ನು ಗುರುತಿಸಿತು. ಮೆದುಳಿನಲ್ಲಿ ಸುದ್ದಿ ಒಯ್ಯುವ ಗ್ಲುಟಮೇಟ್ ಎಂಬ ವಸ್ತುವನ್ನು ಓಡಾಪ್ ಹೋಲುತ್ತದೆ. ಕಳ್ಳ ಸಹಿಯ ಚೆಕ್ಕಿನಂತೆ ಅದರ ಜಾಗದಲ್ಲಿ ಸೇರಿ, ನರಕೋಶವನ್ನು ಅತಿಯಾಗಿ ಕೆರಳಿಸಿ ಕೊಲ್ಲುತ್ತದೆ.

ವಿಷ ಯಾವುದೆಂದು ತಿಳಿದಮೇಲೆ ಅದನ್ನು ಅಳೆಯುವುದು ಸಾಧ್ಯವಾಯಿತು. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ವಿಷ ಎಷ್ಟು ಇಳಿಯುತ್ತದೆಂದು ನೋಡಬಹುದಾಯಿತು. ರಾಯಪುರದ ಮಹಾತಿವಡಾದಂತಹ, ವಿಷ ಕಡಿಮೆಯಿರುವ ತಳಿಗಳು ಬಂದವು.

ಅಡಿಗರು ಅಲ್ಲಿಗೇ ನಿಲ್ಲಲಿಲ್ಲ. ಹೇಂಟೆಯು ಬಿ-2 ಜೀವಸತ್ವವನ್ನು ಮೊಟ್ಟೆಗೆ ಸಾಗಿಸಲು ಒಂದು ವಾಹಕ ಪ್ರೋಟೀನನ್ನು ಬಳಸುತ್ತದೆ. ಅದಿಲ್ಲದಿದ್ದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಸಸ್ತನಿಗಳ ಗರ್ಭಕ್ಕೂ ಇಂತಹ ವಾಹಕ ಬೇಕೆಂಬುದನ್ನು ಅವರ ಪ್ರಯೋಗಗಳು ಸೂಚಿಸಿದವು. 1980ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ಬಂಧುಗಳೇ, ಬಡವನು ಅರಿಯದೆ ತಿಂದನೆನ್ನುವುದು ಸುಲಭ. ಬೇರೇನೂ ಇಲ್ಲದ್ದರಿಂದ ತಿಂದನೆಂಬುದೇ ನಿಜ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಆ ಮಾತು ಅರ್ಥವಾಗದೆ ಇರದು. ವಿಷ ಯಾವುದೆಂದು ವಿಜ್ಞಾನಿಗಳು ತಿಳಿಸಿಕೊಟ್ಟರು. ಬಡವನ ತಟ್ಟೆಗೆ ಒಳ್ಳೆಯ ಬೇಳೆ ಬರುವಂತೆ ಮಾಡುವ ಹೊಣೆ ಮಾತ್ರ ನಮ್ಮೆಲ್ಲರದು.