ಅಚ್ಚಾದ ಲಿವರ್ ಯಾರದು?

2015ರ ಡಿಸೆಂಬರಿನಲ್ಲಿ ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ ಮಾನವ ಲಿವರ್ ಅಂಗಾಂಶವನ್ನು 3ಡಿ ಮುದ್ರಣದಲ್ಲಿ ತಯಾರಿಸಿದ ಸುದ್ದಿ ಬಂತು. ಅಂದಿನಿಂದ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಕಡೆ ಹೋದಾಗ ಜನ ಕೇಳುವುದು ಒಂದೇ: 'ಹೊಸ ಲಿವರ್ ಹಾಕಸಾಕ ಎಷ್ಟು ಖರ್ಚು ಬರ್ತದ್ರಿ?' ತಪ್ಪು ಅವರದಲ್ಲ, ಸುದ್ದಿ ಬರೆದವರದು. ಆ ಅಂಗಾಂಶವನ್ನು ಮಾಡಿದ್ದು ಕಸಿಗಲ್ಲ, ಮೊದಲಿಗೆ ಔಷಧ ಪರೀಕ್ಷೆಗೆ.

ಇಂಥ ಅಂಗಾಂಶಕ್ಕೆ ಬೇಕಾದ ಕೋಶಗಳ ಪೂರ್ವಕಥೆ ಚಿಕ್ಕದು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಕಾಂಡಕೋಶಗಳನ್ನು (ಇವು ಯಾವ ಅಂಗದ ಕೋಶವಾಗಿಯೂ ಬದಲಾಗಬಲ್ಲವು) ಬೆಳೆಸಿದರು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯರ ಬೆಳೆದ ಕೋಶಗಳನ್ನೇ ಕಾಂಡಕೋಶವಾಗಿ ಮಾರ್ಪಡಿಸಿದರು. ಕಾಂಡಕೋಶಕ್ಕಾಗಿ ಭ್ರೂಣ ಬಳಸಬಹುದೇ ಎಂಬ ಜಗಳ ಹೆಚ್ಚುಕಡಿಮೆ ಅಲ್ಲಿಗೆ ತಣ್ಣಗಾಯಿತು.

ಬೆಂಗಳೂರಿನ ಕಥೆಗೆ ಇನ್ನಷ್ಟು ಜಾಗ ಸಲ್ಲಬೇಕು. 2001ರಲ್ಲಿ ಅಮೆರಿಕ ಸರ್ಕಾರ ತನ್ನ ಹಣದ ಸಂಶೋಧನೆಗೆ ಒಪ್ಪಿದ ಭ್ರೂಣದ ಕಾಂಡಕೋಶ ತಳಿಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಳಿಗಳೂ ಇದ್ದವು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ತಂಡ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ತಳಿಗಳನ್ನು ರೂಪಿಸಿತು. ಪ್ರಚಾರವಿಲ್ಲದೆ ನಡೆದ ಈ ಕೆಲಸ ಮುದ್ರಣಯಂತ್ರದ ಚಿತ್ರಗಳಿಗಿಂತ ದೊಡ್ಡದೆಂಬುದು ನನ್ನ ಮತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಅರುಣ್ ಚಂದ್ರು, ತುಹಿನ್ ಭೌಮಿಕ್ 2011ರಲ್ಲಿ ಪ್ಯಾಂಡೋರಮ್ ಕಟ್ಟಿದ್ದು ಈ ವಾತಾವರಣದಲ್ಲೇ. ಅವರ ಲಿವರ್ ತುಣುಕು ಅಲ್ಬುಮಿನ್ ಸ್ರವಿಸುತ್ತಿತ್ತು. ಕಂಪನಿ ಆಮೇಲೆ ಕಣ್ಣಿನ ಕಾರ್ನಿಯಾ ಕಡೆ ವಾಲಿತು. ಲಿವರಿನ ಸುದ್ದಿ ಮಾತ್ರ ಇನ್ನೂ ಓಡಾಡುತ್ತಿದೆ.

ಔಷಧ ಪರೀಕ್ಷೆಗೆ ಇದೆಲ್ಲ ಯಾಕೆ ಬೇಕೆಂದರೆ ಪ್ರಾಣಿಯ ದೇಹ ಮನುಷ್ಯನದಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಔಷಧ ಪಡೆದ ಆರೂ ಯುವಕರ ಅಂಗಾಂಗಗಳು ಕುಸಿದವು; ಮಂಗಗಳಲ್ಲಿ ಅದು ಅಂಥ ಅಪಾಯ ತೋರಿರಲಿಲ್ಲ. 2022ರಲ್ಲಿ 870 ಲಿವರ್ ಚಿಪ್‌ಗಳ (ಮಾನವ ಲಿವರ್ ಕೋಶಗಳನ್ನು ಬೆಳೆಸಿದ ಪುಟ್ಟ ಸಾಧನಗಳು) ಮೇಲೆ 27 ಔಷಧಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ವಿಷಕಾರಿ ಔಷಧಗಳಲ್ಲಿ ಶೇ. 87ನ್ನು ಗುರುತಿಸಿತು (ಮಾಡಿದ್ದು ಚಿಪ್ ಮಾರುವ ಕಂಪನಿಯೇ, ಅದನ್ನೂ ಮರೆಯಬಾರದು). ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಣಿಪರೀಕ್ಷೆಯ ಕಡ್ಡಾಯವನ್ನು ಅಮೆರಿಕ ಕೈಬಿಟ್ಟಿತು. 2023ರ ಮಾರ್ಚಿನ ತಿದ್ದುಪಡಿಯಿಂದ ನಮ್ಮ ಹೊಸ ಔಷಧ ನಿಯಮಗಳೂ ಇಂಥ ವಿಧಾನಗಳನ್ನು ಒಪ್ಪಿವೆ.

ಒಪ್ಪಿದ್ದಾಯಿತು, ಚಿಪ್‌ನೊಳಗೆ ಯಾರ ಕೋಶ? ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಲಿವರಿಗೆ ಪೆಟ್ಟು ಕೊಡಬಲ್ಲದು. ಅದನ್ನು ನಿಧಾನವಾಗಿ ಕರಗಿಸುವವರಿಗೆ ಅಪಾಯ ಹೆಚ್ಚು, ಅಂಥವರ ಪಾಲು ಭಾರತದಲ್ಲಿ ದೊಡ್ಡದು. ಲಿಂಗಸುಗೂರು ತಾಲೂಕಿನ ಹಟ್ಟಿಯಂಥ ಗಣಿಯೂರಿನಲ್ಲಿ, ಕಲ್ಲಿನ ಧೂಳು ಕ್ಷಯಕ್ಕೆ ದಾರಿ ಮಾಡುವಲ್ಲಿ, ಇದು ಪುಸ್ತಕದ ಮಾತಲ್ಲ.

ಇನ್ನೊಂದು ಸಂಗತಿ. ಲಿವರ್ ತಯಾರಿಸುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಹುಟ್ಟುಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚು. ತಮ್ಮೊಳಗೇ ಸಂಬಂಧ ಬೆಳೆಸಿದ ತಲೆಮಾರುಗಳ ಫಲ ಅದು, ಯಾರ ದೋಷವೂ ಅಲ್ಲ. ಇಂಥವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ, ನಿಮಿಷಗಳಲ್ಲಿ ಮರಳಬೇಕಾದ ಉಸಿರಾಟ ಗಂಟೆಗಟ್ಟಲೆ ಮರಳದು. ಈ ಸಮುದಾಯದ ಮನೆಗಳು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರುಗಳ ಪೇಟೆಯಲ್ಲಿವೆ. ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗೆ ಎಣ್ಣಿ (ಕೀಟನಾಶಕ) ಹೊಡೆದು ಆಸ್ಪತ್ರೆ ಸೇರಿದವರ ರಕ್ತದಲ್ಲಿ ವೈದ್ಯರು ಅಳೆಯುವುದೂ ಇದೇ ಕಿಣ್ವವನ್ನು. ಹುಟ್ಟಿನಿಂದಲೇ ಅದು ಕಡಿಮೆಯಿದ್ದರೆ ವಿಷವೇರದಿದ್ದರೂ ವರದಿ ವಿಷವೆಂದೇ ತೋರೀತು. ಯುರೋಪಿನ ದಾನಿಯ ಕೋಶದಿಂದ ಅಚ್ಚುಹಾಕಿದ ಲಿವರ್ ಇದ್ಯಾವುದನ್ನೂ ಹೇಳಲಾರದು.

ಯಮನಾಕ ವಿಧಾನಕ್ಕೆ ತುಸು ರಕ್ತ ಸಾಕು. ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ಜನರಿಗೆ ತಿಳಿಸಿ, ಒಪ್ಪಿಗೆ ಪಡೆದು, ಈ ತಾಲೂಕುಗಳ ಮಾದರಿಗಳನ್ನು ಸಂಗ್ರಹಿಸಲಿ. ಅವುಗಳಿಂದ ತಳಿ ಬೆಳೆಸುವ ಕೆಲಸವನ್ನು ಬೆಂಗಳೂರು, ಹೈದರಾಬಾದಿನ ಪ್ರಯೋಗಾಲಯಗಳು ವಹಿಸಿಕೊಳ್ಳಲಿ. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ಇಡಲಿ.