ಕೊಡಗೆ, ಬಿತ್ತುವಟ್ಟ, ಪ್ರಶಸ್ತಿ: ಭೀಮಾತೀರದಲ್ಲಿ ಸ್ಥಳೀಯ ಸಭೆಗಳ ಮನ್ನಣೆ

ಇಂದಿನ ಕನ್ನಡದಲ್ಲಿ 'ಪ್ರಶಸ್ತಿ' ಎಂಬ ಮಾತು ಬಹುಮಾನ ಎಂಬ ಅರ್ಥದಲ್ಲಿ ಬಳಕೆಯಾಗುತ್ತಿದೆ. ಒಂದು ಪುರಸಭೆಗೆ ಪ್ರಶಸ್ತಿ ಬಂತೆಂದರೆ ಫಲಕ, ಪ್ರಮಾಣಪತ್ರ, ಕೆಲವೊಮ್ಮೆ ನಗದು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಶಾಸನಗಳ ಕಾಲದಲ್ಲಿ ಅದು ಕೈಗೆ ಕೊಡುವ ವಸ್ತುವಾಗಿರಲಿಲ್ಲ, ಬರೆಹವಾಗಿತ್ತು. ಅರಸನ, ದಂಡನಾಯಕನ, ಮಹಾಜನರ, ವರ್ತಕಸಂಘದ ಗುಣಗಳನ್ನು ಎಣಿಸಿ ಹೇಳುವ ಭಾಗಕ್ಕೆ ಆ ಹೆಸರು. ವಸ್ತುರೂಪದ ಮನ್ನಣೆಗೆ ಬೇರೆ ಮಾತುಗಳಿದ್ದವು: ಕೊಡಗೆ, ಬಿತ್ತುವಟ್ಟ, ಉಂಬಳಿ, ಮಾನ್ಯ. ಬರೆಹ ಮತ್ತು ಕೊಡುಗೆ ಎಂಬ ಈ ಎರಡು ಧಾರೆಗಳು ಕೂಡಿ ಒಂದೇ ಪದದೊಳಗೆ ಅಡಗಿದ್ದು ಆಧುನಿಕ ಕಾಲದಲ್ಲಿ. ಈ ಕೂಡಿಕೆಯಲ್ಲಿ ಏನೋ ಒಂದು ಕಳಚಿಕೊಂಡಿದೆ ಎಂಬುದು ನಮ್ಮ ಅಭಿಪ್ರಾಯ. ಅದು ಯಾವುದೆಂಬುದನ್ನು ಭೀಮಾನದಿಯ ಮೇಲ್ದಂಡೆಯ ಒಂದು ಪ್ರದೇಶವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಪ್ರದೇಶ ಪುಣೆ ಜಿಲ್ಲೆಯ ದೌಂಡ ಮತ್ತು ಅದರ ನೆರೆಹೊರೆ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಪಯಣಿಸಿದ ನಮ್ಮ ಓದುಗರಿಗೆ ಈ ಹೆಸರು ಪರಿಚಿತ. ಪುಣೆಯಿಂದ ಸೊಲ್ಲಾಪುರದತ್ತ ಸಾಗುವ ಹಳಿ 1858ರಲ್ಲಿ ಈ ಸೀಮೆಯನ್ನು ಮುಟ್ಟಿತು. 1878ರಲ್ಲಿ ಮನಮಾಡಕ್ಕೆ ಕವಲು ಹೊರಟಿತು. ಊರು ಜಂಕ್ಷನ್ ಆಯಿತು. 2011ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ 50 ಸಾವಿರದ ಸಮೀಪ. ಆದರೆ ಹಳಿಗಿಂತ ಹಳೆಯದು ನದಿ. ಈ ನೆಲದ ಹಳೆಯ ಹೆಸರು ಭೀಮಥಡಿ. ಅಲ್ಲಿನ ಕುದುರೆಗಳು ಮರಾಠರ ದಂಡಿನಲ್ಲಿ ಹೆಸರುವಾಸಿಯಾಗಿದ್ದವು. ಮರಾಠಿಯ 'ಥಡಿ' ಕನ್ನಡದ ಕಿವಿಗೆ 'ತಡಿ'ಯೆಂದೇ ಕೇಳಿಸುತ್ತದೆ, ಅರ್ಥವೂ ಅದೇ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕ್ರಿ.ಶ. 768ರ ತಾಮ್ರಶಾಸನದಲ್ಲಿ ಪುಣೆಯ ಸುತ್ತಲಿನ ನಾಡು 'ಪೂನಕ ವಿಷಯ'ವೆಂದು ಕಾಣಿಸಿಕೊಳ್ಳುತ್ತದೆ. ಇದೇ ನದಿಯ ಕೆಳಗಣ ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ 1237ರ ಶಾಸನವಿದೆ. ಆದ್ದರಿಂದ ಕನ್ನಡ ಶಾಸನಗಳ ಪರಿಭಾಷೆಯಿಂದ ಈ ಪ್ರದೇಶವನ್ನು ನೋಡುವುದು ಹೊರಗಿನ ಅಳತೆಗೋಲನ್ನು ತಂದಿಟ್ಟಂತಾಗಲಾರದು.

ಮೊದಲು ಆ ಪರಿಭಾಷೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸ್ಥಳೀಯ ಸಭೆಯನ್ನು ಅರಸೊತ್ತಿಗೆ ಗುರುತಿಸಿದ್ದಕ್ಕೆ ಕನ್ನಡನಾಡಿನ ಅತ್ಯಂತ ಗಣ್ಯವಾದ ಸಾಕ್ಷ್ಯ ಲಕ್ಷ್ಮೇಶ್ವರದ ಕಂಬದ ಶಾಸನ. ಕಾಲ ಸುಮಾರು ಕ್ರಿ.ಶ. 725. ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ ಆಚಾರವ್ಯವಸ್ಥೆ ಅದು. ರಾಜಪುರುಷರು ಊರಿನವರಿಗೆ ಏನನ್ನು ನಡೆಸಿಕೊಡಬೇಕು, ಊರಿನ ಮನೆಗಳು ಅಂತಸ್ತಿಗೆ ತಕ್ಕಂತೆ ಎಷ್ಟು ತೆರಬೇಕು ಎಂಬ ಎರಡನ್ನೂ ಅದು ಹೇಳುತ್ತದೆ. ಕಟ್ಟುಪಾಡು ಎರಡೂ ಕಡೆಗಿದೆ, ಗುರುತಿಸಿದವನೂ ಬದ್ಧನಾಗುತ್ತಾನೆ. (ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿ ಪುರಸಭೆಗಳಿಗೆ ವಹಿಸಿಕೊಡಬಹುದಾದ ವಿಷಯಗಳನ್ನು ಪಟ್ಟಿಮಾಡುವಾಗ ಅಲ್ಲಿಯೂ ಹದಿನೆಂಟೇ ಇವೆ. ಇದು ಕೇವಲ ಕಾಕತಾಳೀಯ, ಆದರೂ ಶಾಸನ ಓದುವವರಿಗೆ ಮುಗುಳುನಗೆ ತರಿಸುವಂಥದು.)

ಕೊಡಗೆಯ ವಿಚಾರ ಇನ್ನೂ ಸ್ವಾರಸ್ಯಕರವಾದುದು. ಮಾಡಿದ ಸೇವೆಯನ್ನು ಮೆಚ್ಚಿ ಕೊಟ್ಟ ಭೂಮಿಗೆ ಆ ಹೆಸರು. ಕಾದಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ಕೆರೆ ಕಟ್ಟಿದವನಿಗೆ ಕೆರೆಗೊಡಗೆ, ಕಟ್ಟುಗೊಡಗೆ. ಬಿತ್ತುವಟ್ಟವೆಂಬುದು ಕೆರೆಯ ನೀರುಣ್ಣುವ ಭೂಮಿಯಲ್ಲಿ ಒಂದು ಪಾಲನ್ನು ಆ ಕೆರೆಯ ರಕ್ಷಣೆಗೆಂದೇ ಮೀಸಲಿಡುವ ಕ್ರಮ. ಹೂಳೆತ್ತುವ ಬಂಡಿಯ ಖರ್ಚಿಗೆ ಬಿಟ್ಟ ದತ್ತಿಗಳೂ ಶಾಸನಗಳಲ್ಲಿ ದೊರೆಯುತ್ತವೆ. ಇಲ್ಲಿ ಮನ್ನಣೆಯೂ ಮುಂದಿನ ನಿರ್ವಹಣೆಯೂ ಒಂದೇ ಹಗ್ಗದ ಎರಡು ಎಳೆಗಳು. ಕೆರೆ ಒಡೆದರೆ ಬಿತ್ತುವಟ್ಟದ ಗದ್ದೆಯೇ ಒಣಗುತ್ತದೆ. ಮನ್ನಣೆ ತಾನಾಗಿಯೇ ಲುಪ್ತವಾಗುತ್ತದೆ. ಅದನ್ನು ಹಿಂತೆಗೆದುಕೊಳ್ಳಲು ಯಾವ ಅಧಿಕಾರಿಯೂ ಬರಬೇಕಾಗಿಲ್ಲ. ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳಲ್ಲಿ, ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚಿನದು ಎಂಬ ಆಶಯದ್ದೊಂದು ಪದೇ ಪದೇ ಎದುರಾಗುತ್ತದೆ. ಅದನ್ನು ನಾವು ಸೂತ್ರಬದ್ಧ ಮಾತೆಂದು ದಾಟಿಬಿಡುತ್ತೇವೆ. ವಾಸ್ತವದಲ್ಲಿ ಅದು ಆ ಇಡೀ ವ್ಯವಸ್ಥೆಯ ಬೀಗದ ಕೈ.

ಹಾಗೆಂದು ಆ ಕಾಲವನ್ನು ಹೊನ್ನಿನ ಕಾಲವೆಂದು ಬಗೆಯಬೇಕಾಗಿಲ್ಲ. ಮಹಾಜನರ ಪ್ರಶಸ್ತಿಗಳಲ್ಲಿ ಎಣಿಸಿದ ಯಮ, ನಿಯಮ, ಸ್ವಾಧ್ಯಾಯ ಮೊದಲಾದ ಗುಣಗಳು ಅಗ್ರಹಾರದ ಬ್ರಾಹ್ಮಣರವು. ಕೆರೆಯ ಮಣ್ಣು ಹೊತ್ತವರಿಗೆ ಆ ಸಾಲುಗಳಲ್ಲಿ ಜಾಗವಿಲ್ಲ. ಈ ಕೊರತೆಯನ್ನು ಸ್ವತಃ ಕನ್ನಡ ಸಾಹಿತ್ಯವೇ ಮುಟ್ಟಿ ನೋಡಿದೆ, ಅದೂ ಭೀಮೆಯ ಸೀಮೆಯಲ್ಲಿಯೇ. ದೌಂಡದಿಂದ ಹಳಿಯ ಜಾಡು ಹಿಡಿದು ಹೋದರೆ ಸಿಗುವ ಸೊಲ್ಲಾಪುರ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಅಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ವೃತ್ತಾಂತವನ್ನು ರಾಘವಾಂಕನ 'ಸಿದ್ಧರಾಮ ಚಾರಿತ್ರ' ವಿಸ್ತಾರವಾಗಿ ಹೇಳುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅಲ್ಲಿಗೆ ಬಂದು ಸಿದ್ಧರಾಮನನ್ನು 'ಒಡ್ಡರಾಮ'ನೆಂದು ಕರೆಯುತ್ತಾನೆ. ಕೆರೆಯ ಕೆಲಸದಲ್ಲಿ ತೊಡಗಿದ್ದ ಜನ ಕೆರಳುತ್ತಾರೆ. ಈ ಪ್ರಸಂಗವನ್ನು ಕರ್ಮಕ್ಕೂ ಜ್ಞಾನಕ್ಕೂ ನಡೆದ ವಾದವೆಂದು ವ್ಯಾಖ್ಯಾನಿಸುವುದು ವಾಡಿಕೆ. ಲೋಕೋಪಕಾರದ ಕೆಲಸಕ್ಕೆ ಸಲ್ಲುವ ಕೀರ್ತಿಯ ಪರೀಕ್ಷೆಯಾಗಿಯೂ ಅದನ್ನು ಓದಲು ಸಾಧ್ಯ. ಕೆರೆ ನಿಂತ ಮೇಲೆ ಹೆಸರು ಯಾರದು, ಗುದ್ದಲಿ ಯಾರದು ಎಂಬ ಪ್ರಶ್ನೆ ಆ ಬೈಗುಳದೊಳಗಿದೆ. ಒಡ್ಡರೆಂದರೆ ಮಣ್ಣು ಕಲ್ಲಿನ ಕೆಲಸದ ಸಮುದಾಯ; ಅವರ ಹೆಸರೇ ಯೋಗಿಗೆ ಅವಮಾನವಾಗಿ ಕೇಳಿಸಿತು ಎನ್ನುವಲ್ಲಿ ಪಠ್ಯ ತನ್ನ ಕಾಲದ ಬಗ್ಗೆ ಬಹಳಷ್ಟನ್ನು ಹೇಳಿಬಿಡುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಪಂಚಾಯತಿ ಮತ್ತು ಪುರಸಭೆಗಳಿಗೆ ಸಂವಿಧಾನದ ಸ್ಥಾನ ದೊರೆತದ್ದು 73 ಮತ್ತು 74ನೆಯ ತಿದ್ದುಪಡಿಗಳಿಂದ, 1993ರಲ್ಲಿ. ಸ್ಪರ್ಧೆಯ ರೂಪದ ಪ್ರಶಸ್ತಿಗಳು ಅದರ ಬೆನ್ನಿಗೇ ಬೆಳೆದವು. ಮಹಾರಾಷ್ಟ್ರ ಸರ್ಕಾರ 2000–01ರಲ್ಲಿ ಸಂತ ಗಾಡಗೆಬಾಬಾ (1876–1956) ಹೆಸರಿನಲ್ಲಿ ಗ್ರಾಮಸ್ವಚ್ಛತಾ ಅಭಿಯಾನವನ್ನು ಆರಂಭಿಸಿತು. ಪೊರಕೆ ಹಿಡಿದು ಊರೂರು ಗುಡಿಸಿ ಸಂಜೆ ಕೀರ್ತನೆ ಹೇಳುತ್ತಿದ್ದ ಸಂತನ ಹೆಸರನ್ನು ಸರ್ಕಾರಿ ಸ್ಪರ್ಧೆಗಿಟ್ಟದ್ದು ಔಚಿತ್ಯಪೂರ್ಣವೇ. ಕೇಂದ್ರದ ನಿರ್ಮಲ ಗ್ರಾಮ ಪುರಸ್ಕಾರ 2003ರಲ್ಲಿ ಘೋಷಿತವಾಗಿ 2005ರಲ್ಲಿ ಮೊದಲ ಬಾರಿ ಪ್ರದಾನವಾಯಿತು. ಆಗ ಪಡೆದ ಸಂಸ್ಥೆಗಳು 40. 2008ರ ವೇಳೆಗೆ ಒಂದೇ ವರ್ಷದಲ್ಲಿ 12,000ದ ಆಸುಪಾಸು. ನಗದು ಒಮ್ಮೆ ಬಂತು, ಫಲಕ ಗೋಡೆಗೇರಿತು. ಬಳಿಕ ನಡೆದ ಸಮೀಕ್ಷೆಗಳು ಪುರಸ್ಕೃತ ಗ್ರಾಮಗಳಲ್ಲಿ ಅನೇಕವು ಹಳೆಯ ಸ್ಥಿತಿಗೆ ಜಾರಿದ್ದನ್ನು ತೋರಿಸಿದವು. ಇಲ್ಲಿ ಬಿತ್ತುವಟ್ಟದ ಸ್ಥಾನ ಖಾಲಿಯಿದೆ: ಕೊಟ್ಟದ್ದು ಕಟ್ಟಿದ್ದಕ್ಕೆ, ಕಾಪಾಡುವುದಕ್ಕಲ್ಲ.

ದೌಂಡ ತಾಲೂಕಿಗೆ ತಾಗಿದ ಪುರಂದರ ತಾಲೂಕಿನ ಸಾಸವಡ ಇದಕ್ಕೆ ಬೇರೆಯದೇ ಆದ ನಿದರ್ಶನ. ಜ್ಞಾನೇಶ್ವರರ ಸಹೋದರ ಸೋಪಾನದೇವರ ಸಮಾಧಿಯಿರುವ, ಕರ್ಹಾ ನದಿಯ ದಡದ ಸಣ್ಣ ಪಟ್ಟಣವಿದು. ಅಲ್ಲಿನ ನಗರಪರಿಷತ್ತು, ಕೇಂದ್ರದ ಸ್ವಚ್ಛ ಸರ್ವೇಕ್ಷಣದಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ವರ್ಗದಲ್ಲಿ 2020ರಲ್ಲಿ ಎರಡನೆಯ, 2021ರಲ್ಲಿ ಮೂರನೆಯ, 2023ರಲ್ಲಿ ಮೊದಲ ಸ್ಥಾನ ಪಡೆಯಿತು. ಇದೇ ಸಾಲಿನಲ್ಲಿ ಕರಾಡ, ವಿಟಾ, ಪಂಚಗಣಿ, ಲೋಣಾವಳಾಗಳೂ ಬೇರೆ ಬೇರೆ ವರ್ಷಗಳಲ್ಲಿ ಮೇಲೆ ಬಂದವು. ಶಿಲಾಹಾರರ ಕರಾಡವನ್ನು ಕನ್ನಡ ವಿದ್ವಾಂಸರು ಬಲ್ಲರು. ಹಳೆಯ ಪಟ್ಟಣಗಳ ಈ ನೆಲದಿಂದಲೇ ಇಷ್ಟು ಪುರಸಭೆಗಳು ಮತ್ತೆ ಮತ್ತೆ ಗೆಲ್ಲುತ್ತಿರುವುದು ಆಕಸ್ಮಿಕವೆಂದು ಬಿಟ್ಟುಬಿಡುವಂಥದಲ್ಲ. ಸಣ್ಣ ಊರಿನಲ್ಲಿ ಕಸದ ಗಾಡಿ ಯಾವ ಓಣಿಗೆ ಬರಲಿಲ್ಲವೆಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಸಭೆಯ ಸದಸ್ಯನಿಗೆ ಮುಖ ಮರೆಸಿಕೊಳ್ಳಲು ಸ್ಥಳವಿರುವುದಿಲ್ಲ.

ಆದರೆ ಈ ಮನ್ನಣೆಯ ಸ್ವರೂಪವನ್ನು ಗಮನಿಸಿ. ಅದು ಅಂಕಗಳ ಲೆಕ್ಕ. 2020ರಲ್ಲಿ ಒಟ್ಟು ಅಂಕ 6,000, 2023ರಲ್ಲಿ 9,500. ದಾಖಲೆಗಳಿಗೆ ಇಷ್ಟು, ಪ್ರಮಾಣೀಕರಣಕ್ಕೆ ಇಷ್ಟು, ನಾಗರಿಕರ ಅಭಿಪ್ರಾಯಕ್ಕೆ ಇಷ್ಟು. ಒಬ್ಬರು ಮೇಲೇರಿದರೆ ಇನ್ನೊಬ್ಬರು ಇಳಿಯಲೇಬೇಕು. ಮೈಸೂರು 2015ರಲ್ಲಿ ಪ್ರಕಟವಾದ 476 ನಗರಗಳ ಪಟ್ಟಿಯಲ್ಲಿಯೂ 2016ರ 73 ನಗರಗಳ ಪಟ್ಟಿಯಲ್ಲಿಯೂ ಮೊದಲನೆಯದಾಗಿತ್ತು. 2017ರಲ್ಲಿ ಇಂದೋರ್ ಮೊದಲಾಗಿ ಮೈಸೂರು ಐದನೆಯದಾಯಿತು. ಆ ಒಂದು ವರ್ಷದಲ್ಲಿ ಮೈಸೂರಿನ ಬೀದಿಗಳು ಕೆಟ್ಟವೇ? ಪಟ್ಟಿ ಇದಕ್ಕೆ ಉತ್ತರಿಸುವುದಿಲ್ಲ, ಉತ್ತರಿಸಬೇಕೆಂಬ ಉದ್ದೇಶವೂ ಅದಕ್ಕಿಲ್ಲ. ಒಂದೂರಿನ ಕೆರೆಗೊಡಗೆ ಇನ್ನೊಂದೂರಿನ ಕೆರೆಗೊಡಗೆಯನ್ನು ಕೆಳಗಿಳಿಸುತ್ತಿರಲಿಲ್ಲ. 2025ರ ಜುಲೈನಲ್ಲಿ ಪ್ರಕಟವಾದ 2024ರ ಸರ್ವೇಕ್ಷಣದಲ್ಲಿ ಕೇಂದ್ರವು ಹಿಂದಿನ ವರ್ಷಗಳಲ್ಲಿ ಸತತವಾಗಿ ಮೇಲಿದ್ದ ನಗರಗಳನ್ನು 'ಸೂಪರ್ ಸ್ವಚ್ಛ ಲೀಗ್' ಎಂಬ ಪ್ರತ್ಯೇಕ ಗುಂಪಿಗೆ ಸೇರಿಸಿತು. ಮೈಸೂರು ಅದರಲ್ಲಿದೆ, ಸಾಸವಡವೂ ಇದೆ. ಏರುವುದನ್ನಲ್ಲದೆ ನಿಲ್ಲುವುದನ್ನೂ ಗುರುತಿಸಬೇಕೆಂಬ ಅರಿವು ಇದರಲ್ಲಿ ಕಾಣುತ್ತದೆ. ಪಾಲನೆಯ ಆ ಹಳೆಯ ಶ್ಲೋಕಕ್ಕೆ ಇಲಾಖೆಯವರು ತಮಗರಿವಿಲ್ಲದೆಯೇ ಹತ್ತಿರ ಬಂದಿದ್ದಾರೆ.

ಉಳಿದ ತೊಡಕು ಎಲ್ಲೆಯದು, ಇಲ್ಲಿ ದೌಂಡ ಮತ್ತೆ ನಮ್ಮ ಮುಂದೆ ಬರುತ್ತದೆ. 2021ರ ಸರ್ವೇಕ್ಷಣದಲ್ಲಿ ಪುಣೆ ಮಹಾನಗರಪಾಲಿಕೆ ದೇಶದ ದೊಡ್ಡ ನಗರಗಳಲ್ಲಿ ಐದನೆಯ ಸ್ಥಾನ ಪಡೆಯಿತು. ಪುಣೆಯ ಮುಳಾ-ಮುಠಾ ನದಿ ನಗರದ ಕೊಳೆನೀರನ್ನು ಹೊತ್ತು ಪೂರ್ವಕ್ಕೆ ಹರಿದು, ದೌಂಡ ಪಟ್ಟಣಕ್ಕೆ ಮೇಲ್ಗಡೆಯಲ್ಲಿ ಭೀಮೆಯನ್ನು ಕೂಡುತ್ತದೆ. ಶುದ್ಧೀಕರಣ ಸ್ಥಾವರಗಳಿಗಾಗಿ ಜಪಾನಿನ ಸಾಲದ ನೆರವಿನ ಒಪ್ಪಂದವಾದದ್ದು 2016ರಲ್ಲಿ. ಅಂಕ ಸಲ್ಲುವುದು ಪಾಲಿಕೆಯ ಗಡಿಯೊಳಗಿನ ಕೆಲಸಕ್ಕೆ. ಗಡಿಯಾಚೆ ಹರಿದದ್ದು ಬೇರೊಂದು ಸಭೆಯ ಲೆಕ್ಕ. ಬಿತ್ತುವಟ್ಟದಲ್ಲಾದರೆ ಕೆರೆಯ ಕೆಳಗಿನ ಗದ್ದೆಯೇ ಮನ್ನಣೆಯ ಅಳತೆ: ನೀರು ಪಡೆಯುವವನ ಹೊಲದಿಂದ ಮೇಲಿನವನ ಕೆಲಸವನ್ನು ಅಳೆಯುವ ಕ್ರಮ. ಆ ಅಳತೆಯಿಂದ ಪುಣೆಯ ಸೇವೆಗೆ ಅಂಕ ಹಾಕಬೇಕಾದವರು ದೌಂಡದವರು. ಇದನ್ನು ನಾವು ಚಮತ್ಕಾರಕ್ಕಾಗಿ ಹೇಳುತ್ತಿಲ್ಲ; ನದಿತೀರದ ಸ್ಥಳೀಯಾಡಳಿತದ ಚರಿತ್ರೆ ಬರೆಯುವವರು ಪ್ರಶಸ್ತಿಪತ್ರಗಳನ್ನು ಕೆಳದಂಡೆಯ ಊರಿನ ನೀರು ಸರಬರಾಜಿನ ದಾಖಲೆಗಳೊಡನೆ ಇಟ್ಟು ಓದಬೇಕೆಂಬುದು ನಮ್ಮ ಸೂಚನೆ.

ಓದುವಾಗ ಇನ್ನೊಂದು ಮೌನವನ್ನೂ ಗುರುತುಹಾಕಿಕೊಳ್ಳಬೇಕು. ಫಲಕದ ಮೇಲೆ ಇರುವುದು ನಗರದ ಹೆಸರು; ಪ್ರದಾನದ ಭಾವಚಿತ್ರದಲ್ಲಿ ಕಾಣುವವರು ಅಧ್ಯಕ್ಷರು, ಮುಖ್ಯಾಧಿಕಾರಿಗಳು. ಬೆಳಗಿನ ಜಾವ ಬೀದಿ ಗುಡಿಸಿದವರು ಮಹಾಜನರ ಪ್ರಶಸ್ತಿಯಲ್ಲಿ ಹೇಗೆ ಇರಲಿಲ್ಲವೋ ಇಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ವಚನಕಾರರ ಸಾಲಿನಲ್ಲಿ ಮಾತ್ರ ಸತ್ಯಕ್ಕ ಎಂಬ ಹೆಸರು ಉಳಿದಿದೆ, ಆಕೆಯ ಕಾಯಕ ಕಸ ಗುಡಿಸುವುದಾಗಿತ್ತೆಂಬ ನೆನಪಿನೊಡನೆ.

ದೌಂಡದಿಂದ ಮುಂದೆ ಭೀಮೆ ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರವನ್ನು ಹಾದು, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಅಂಚಿಗೆ ಬರುತ್ತದೆ. ಅಲ್ಲಿ ಇಂಡಿ, ಅಫಜಲಪುರ ತಾಲೂಕುಗಳ ಗ್ರಾಮ ಪಂಚಾಯತಿಗಳು ಕರ್ನಾಟಕ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರಕ್ಕೆ ಅರ್ಹವಾಗುತ್ತವೆ. 2013–14ರಲ್ಲಿ ಆರಂಭವಾದ ಈ ಪುರಸ್ಕಾರದ ಕ್ರಮದಲ್ಲಿ ತಾಲೂಕಿಗೊಂದು ಪಂಚಾಯತಿಯನ್ನು ಆರಿಸಿ 5 ಲಕ್ಷ ರೂಪಾಯಿ ನೀಡಲಾಗುತ್ತದೆ. ಅವು ತುಂಬುವ ಪ್ರಶ್ನಾವಳಿಯಲ್ಲಿ ತಮ್ಮ ಊರಿನ ಚರಂಡಿಯ ಲೆಕ್ಕ ಕೊಡುತ್ತವೆ. ನದಿಯಲ್ಲಿ ಮೇಲಿನಿಂದ ಬಂದದ್ದರ ಲೆಕ್ಕ ಆ ಪಂಚಾಯತಿಗಳ ಕೈಯಲ್ಲಿಲ್ಲ.