ಬಾಣಂತಿಯ ಅರಿವಿ, ಬಾವಿಯ ನೀರು

ನಮ್ಮ ಚರಿತ್ರೆ ಪುಸ್ತಕಗಳೊಳಗೆ ರಾಜರ ಪೀತಾಂಬರ ಇದೆ, ಪುರೋಹಿತರ ಮಡಿಬಟ್ಟೆ ಇದೆ. ಬಾಣಂತಿಯ ಎದೆಯಿಂದ ಸೋರುವ ಹಾಲನ್ನು ಹೀರುವ ಅರಿವಿಯ ತುಂಡು ಮಾತ್ರ ಇಲ್ಲ. ಅದರ ಚರಿತ್ರೆಯನ್ನು ನಾವೇ ಬರೆದುಕೊಳ್ಳಬೇಕು.

ರಾಯಬಾಗ ತಾಲೂಕಿನ ಪಾಲಬಾವಿಯಂಥ ಊರುಗಳ ಹೆಂಗಸರಿಗೆ ಇದು ಹೊಸ ವಸ್ತುವಲ್ಲ. ಹಳೇ ಸೀರೆ, ಹಳೇ ಧೋತರ, ಒಗೆದು ಒಗೆದು ಮೆತ್ತಗಾದ ನೂಲಿನ ಅರಿವಿ. ಎರಡು ಮೂರು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಳ್ಳೋದು, ತೊಯ್ದರೆ ಒಗೆದು ಬಿಸಿಲಿಗೆ ಹಾಕೋದು. ಕೂಸಿನ ಬಟ್ಟೆ, ಕೌದಿ ಎಲ್ಲ ಅದರಿಂದಲೇ. ಇವತ್ತು ಅದನ್ನೇ ದುಂಡಗೆ ಹೊಲಿದು ಅಂಗಡಿಯಲ್ಲಿ ಮಾರುತ್ತಾರೆ. ಪಕ್ಕದಲ್ಲೇ ಒಮ್ಮೆ ಬಳಸಿ ಬಿಸಾಡುವುದೂ ಇದೆ. ಯಾವುದನ್ನು ಆರಿಸಿಕೊಳ್ಳುತ್ತೀರಿ ಅಂತ ಕೇಳುತ್ತಾರೆ. ಆರಿಸಿಕೊಳ್ಳುವ ಹಕ್ಕು ನಮ್ಮ ತಾಯಂದಿರಿಗೆ ಯಾವಾಗ ಇತ್ತು?

ಮನುಸ್ಮೃತಿಯ ಹತ್ತನೇ ಅಧ್ಯಾಯ ಚಾಂಡಾಲರ ಉಡುಪನ್ನು ನಿಗದಿ ಮಾಡಿದೆ: ಹೆಣದ ಮೇಲಿನ ಬಟ್ಟೆ. ಉಳ್ಳವರ ಮನೆಯಲ್ಲಿ ಹಳೇ ಸೀರೆ ಹರಿದು ಬಳಸಿದರೆ ಅದು ಉಳಿತಾಯ. ನಮ್ಮ ಕೇರಿಯಲ್ಲಿ ಇನ್ನೊಬ್ಬರು ಉಟ್ಟು ಬಿಟ್ಟದ್ದೇ ಪಾಲಿಗೆ ಬಂದದ್ದು. ಅರಿವಿ ಒಂದೇ, ಅದರ ಹಿಂದಿನ ಕಥೆ ಬೇರೆ.

ಹಳೇ ಅರಿವಿಯಲ್ಲಿ ದೋಷ ಇಲ್ಲ. ಆದರೆ ಅದನ್ನು ಒಗೆಯಬೇಕು. ಒಗೆಯೋದಕ್ಕೆ ನೀರು ಬೇಕು. ನೀರಿಗೆ ಬಾವಿ ಬೇಕು. ಬಾವಿಗೆ ಜಾತಿ ಇತ್ತು.

ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್.ಕೆ. ಬೋಲೆ ತಂದ ಠರಾವನ್ನು 1923ರಲ್ಲಿ ಆ ಪ್ರಾಂತದ ಶಾಸನ ಸಭೆ ಒಪ್ಪಿತು. ಠರಾವು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಆ ಪರಿಷತ್ತಿನಲ್ಲಿ ಅವರು ಹೆಂಗಸರನ್ನು ಕುರಿತು ಬೇರೆಯಾಗಿ ಮಾತಾಡಿದರು. ಜಾತಿ ಗುರುತು ಹೇಳುವಂತೆ ಸೀರೆ ಉಡಬೇಡಿ. ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಸ್ವಚ್ಛ ಇರಲಿ ಅಂದರು. ನೀರಿನ ಹೋರಾಟದ ನೆಲದಲ್ಲೇ ಸ್ವಚ್ಛ ಬಟ್ಟೆಯ ಮಾತು ಬಂದದ್ದು ಆಕಸ್ಮಿಕವೇ? ನೀರು ಕೊಡದೆ ಕೊಳಕರು ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇನ್ನೊಂದು ಮಾತಿದೆ. ಎದೆ ಯಾಕೆ ಅಷ್ಟು ಸೋರುತ್ತದೆ? ಕೂಸು ಮನೆಯಲ್ಲಿ, ತಾಯಿ ಹೊಲದಲ್ಲಿ. ಹೊತ್ತಿಗೆ ಕುಡಿಸದಿದ್ದರೆ ಎದೆ ಬಿಗಿದು ಹಾಲು ಸುಮ್ಮನೆ ಹರಿಯುತ್ತದೆ. ಕೂಸಿನ ಹಾಲನ್ನು ಅರಿವಿ ಕುಡಿಯುತ್ತದೆ. 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅಂಬೇಡ್ಕರರು ಮುಂಬಯಿ ಶಾಸನ ಸಭೆಯಲ್ಲಿ ಅದರ ಪರ ನಿಂತರು. ಹೆರಿಗೆಯ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂದು ವಾದಿಸಿದರು. 1929ರಲ್ಲಿ ಕಾಯ್ದೆಯಾಯಿತು, ಆದರೆ ಕಾರ್ಖಾನೆಯ ಹೆಂಗಸರಿಗೆ ಮಾತ್ರ. ಕೂಸಿಗೆ ಹದಿನೈದು ತಿಂಗಳಾಗುವ ತನಕ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಕಾಯ್ದೆ ಬರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಬೀಡಿ ಕಾರ್ಖಾನೆಯಲ್ಲಿ ಕೂಸುಗಳಿಗೆ ಕೋಣೆ ಇರಬೇಕೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಹೇಳಿತು. ನಿಪ್ಪಾಣಿಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಅವ್ವನಿಗೆ ಯಾವ ಕೋಣೆ? ಜೋಳ ಕೊಯ್ಯುವವಳಿಗೆ, ಕಬ್ಬಿನ ಕಳೆ ತೆಗೆಯುವವಳಿಗೆ ಯಾರು ಬಿಡುವು ಕೊಟ್ಟರು?

ಆರಿಸುವ ಮಾತಿಗೆ ಬರೋಣ. ನೂಲಿನ ಅರಿವಿಯೇ ಒಳ್ಳೇದು. ಮೆತ್ತಗಿರಲಿ, ಬಣ್ಣ ಬಿಡದಿರಲಿ, ಪ್ಲಾಸ್ಟಿಕ್ ಒಳಪದರ ಬೇಡ. ಹಸಿಯಾದ ಕೂಡಲೇ ಬದಲಿಸಬೇಕು. ಹಸಿ ಅರಿವಿಯಿಂದ ಮೊಲೆತೊಟ್ಟು ಬಿರಿಯುತ್ತದೆ, ಬೂಷ್ಟಿನ ಸೋಂಕಾಗುತ್ತದೆ. ಸಾಬೂನು ಹಚ್ಚಿ ಒಗೆದು ಬಿಸಿಲಲ್ಲೇ ಒಣಗಿಸಬೇಕು. ನಾಚಿಕೆಗೆ ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸೋದು ಬೇಡ. ಹಾಲಿನಲ್ಲಿ ನಾಚುವಂಥದ್ದು ಏನಿದೆ?

ಗೆಳೆಯರೆ, ಹಳ್ಳಿ ಶಾಲೆಯ ಮಾಸ್ತರರೇ, ಅಕ್ಕೋರೇ, ಸ್ವಚ್ಛತೆಯ ಪಾಠ ಹೇಳುವ ಮೊದಲು ನಮ್ಮ ಕೇರಿಯ ನಳದಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ. ಹಳಗನ್ನಡದಲ್ಲಿ 'ಪಾಲ್' ಅಂದರೆ ಹಾಲು, ಇವತ್ತಿನ ಕನ್ನಡದಲ್ಲಿ 'ಪಾಲು' ಅಂದರೆ ಹಿಸ್ಸೆ. ನಾವು ಕೇಳುವುದು ಎರಡನ್ನೂ: ಕೂಸಿಗೆ ಹಾಲು, ಬಾವಿಯಲ್ಲಿ ಪಾಲು.